ನಗುವ ನಾಯಕ, ನಡುಗಿಸುವ ನಾಯಕ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಬೆಂಗಳೂರಿನ ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಕೆಲಸದ ನಿಮಿತ್ತ ಚೀನಾಕ್ಕೆ ಹೋಗಿ ಹದಿನೈದು ದಿನ ಇದ್ದು ಬಂದನಂತೆ. ಅಲ್ಲಿನ ರೈಲು, ರಸ್ತೆ, ಸೇತುವೆಗಳನ್ನು ವರ್ಣಿಸುತ್ತ ಅವನಿಗೆ ಮಾತು ಸಾಲದಾಯಿತು. ಕೊನೆಗೆ ಹೇಳಿದ: “ಸಾರ್, ನೀವು ಹತ್ತನೇ ಕ್ಲಾಸಿನಲ್ಲಿ ಚೀನಾದ ಕ್ರಾಂತಿ ಪಾಠ ಮಾಡಿದ್ರಿ. ಈಗ ಒಂದ್ಸಲ ಹೋಗಿ ನೋಡ್ಬೇಕು ನೀವು. ಅಲ್ಲಿ ಒಬ್ಬ ಹೇಳ್ತಾನೆ, ಎಲ್ಲರೂ ಮಾಡ್ತಾರೆ. ನಮ್ಮಲ್ಲಿ ಎಲ್ಲರೂ ಹೇಳ್ತಾರೆ, ಯಾರೂ ಮಾಡಲ್ಲ. ನಮಗೂ ಅಂಥ ಒಬ್ಬ ಗಟ್ಟಿ ನಾಯಕ ಬೇಕು ಸಾರ್.”

ಆ ಕ್ಷಣಕ್ಕೆ ನಾನು ಉತ್ತರ ಕೊಡಲಿಲ್ಲ. “ನೋಡೋಣಪ್ಪ” ಎಂದು ಮಾತು ಮುಗಿಸಿದೆ. ಆದರೆ ಮೂವತ್ತು ವರ್ಷಕ್ಕೂ ಮೀರಿ ಸಮಾಜ ವಿಜ್ಞಾನ ಬೋಧಿಸಿದವನಿಗೆ ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅವನೊಬ್ಬನೇ ಅಲ್ಲ, ನಮ್ಮ ಬಂಧುಗಳ ಮದುವೆ ಮನೆಗಳಲ್ಲಿಯೂ ಈ ಮಾತನ್ನು ಕೇಳುತ್ತಿರುತ್ತೇನೆ. ಆದ್ದರಿಂದ ಅವನಿಗೆ ಕೊಡಬೇಕಾದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಅವನು ಹೇಳಿದ್ದರಲ್ಲಿ ಸತ್ಯವಿಲ್ಲವೆಂದು ನಾನು ವಾದಿಸುವುದಿಲ್ಲ. ಚೀನಾದ ಅತಿವೇಗದ ರೈಲು ಮಾರ್ಗ ಇಂದು 40,000 ಕಿಲೋಮೀಟರ್‌ಗಳನ್ನು ದಾಟಿದೆ. ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಅಲ್ಲಿ ಕಡುಬಡತನದಿಂದ ಹೊರಬಂದರೆಂದು ವಿಶ್ವಬ್ಯಾಂಕ್ ಲೆಕ್ಕ ಹೇಳುತ್ತದೆ. ಮನುಷ್ಯ ಚರಿತ್ರೆಯಲ್ಲಿ ಇಂಥದ್ದು ಬೇರೆಲ್ಲಿಯೂ ನಡೆದಿಲ್ಲ. ಸಾಕ್ಷರತೆಯಲ್ಲಿ, ಸಾಮಾನ್ಯ ಜನರ ಆರೋಗ್ಯದಲ್ಲಿ ಆ ದೇಶ ನಮಗಿಂತ ಬಹಳ ಮೊದಲೇ ಮುಂದೆ ಹೋಯಿತು. ಇದನ್ನು ಒಪ್ಪದೆ ಮುಂದಿನ ಮಾತು ಆಡುವುದು ಅಪ್ರಾಮಾಣಿಕತೆಯಾಗುತ್ತದೆ.

ಆದರೆ “ಅಲ್ಲಿ ಒಬ್ಬ ಹೇಳುತ್ತಾನೆ, ಎಲ್ಲರೂ ಮಾಡುತ್ತಾರೆ” ಎಂಬ ಮಾತು ಚೀನಾದ ಯಾವ ಕಾಲಕ್ಕೆ ಸಲ್ಲುತ್ತದೆ ಎಂದು ಕೇಳಿಕೊಳ್ಳಬೇಕು.

1949ರ ಅಕ್ಟೋಬರ್ 1ರಂದು ಮಾವೋ ಅವರು ಬೀಜಿಂಗ್‌ನಲ್ಲಿ ಜನತಾ ಗಣರಾಜ್ಯವನ್ನು ಘೋಷಿಸಿದರು. ಆ ಮಾತು ಪೂರ್ಣವಾಗಿ ಸಲ್ಲುವುದು ಅವರ ಕಾಲಕ್ಕೆ. 1958ರಲ್ಲಿ ಅವರು ‘ಮಹಾ ಮುನ್ನೆಗೆತ’ಕ್ಕೆ ಕರೆ ಕೊಟ್ಟರು. ರೈತರ ಜಮೀನು, ಒಲೆ, ಪಾತ್ರೆ ಎಲ್ಲವೂ ಕಮ್ಯೂನಿನ ವಶವಾಯಿತು. ಹಿತ್ತಿಲಿನ ಕುಲುಮೆಯಲ್ಲಿ ಉಕ್ಕು ತಯಾರಿಸಿರೆಂದು ಆಜ್ಞೆಯಾಯಿತು. ಜನ ಅಡಿಗೆ ಪಾತ್ರೆಗಳನ್ನೂ ಕರಗಿಸಿದರು. ಗುಬ್ಬಿಗಳು ಕಾಳು ತಿನ್ನುತ್ತವೆಂದು ದೇಶವೆಲ್ಲ ಗುಬ್ಬಿ ಕೊಲ್ಲಲು ಹೊರಟಿತು. ಗುಬ್ಬಿ ಹೋದ ಮೇಲೆ ಹುಳುಗಳ ಕಾಟ ಹೆಚ್ಚಿತು. ಇವೆಲ್ಲಕ್ಕಿಂತ ಘೋರವಾದುದು ಸುಳ್ಳಿನ ಲೆಕ್ಕ. ಮೇಲಿನವರಿಗೆ ಹಿತವಾಗಲೆಂದು ಕೆಳಗಿನ ಅಧಿಕಾರಿಗಳು ಬೆಳೆಯ ಇಳುವರಿಯನ್ನು ಹಲವು ಪಟ್ಟು ಹೆಚ್ಚಿಸಿ ಬರೆದರು. ಆ ಲೆಕ್ಕದ ಮೇಲೆ ಸರ್ಕಾರ ಲೆವಿ ಧಾನ್ಯ ಎತ್ತಿತು. ರೈತನ ಕಣಜ ಬರಿದಾಯಿತು. ಆ ಮೂರು ನಾಲ್ಕು ವರ್ಷಗಳ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜು ಮಾಡುತ್ತಾರೆ.

ಹೇಳುವವರೇ ಇರಲಿಲ್ಲವೇ? ಒಬ್ಬರಿದ್ದರು. ಕೊರಿಯಾ ಯುದ್ಧದಲ್ಲಿ ಚೀನಾದ ಸೇನೆಯನ್ನು ನಡೆಸಿದ್ದ, ರಕ್ಷಣಾ ಸಚಿವರಾಗಿದ್ದ ಪೆಂಗ್ ದೆಹುವಾಯ್. 1959ರ ಜುಲೈಯಲ್ಲಿ ಲುಶಾನ್ ಬೆಟ್ಟದಲ್ಲಿ ಪಕ್ಷದ ಸಭೆ ಸೇರಿದ್ದಾಗ ಅವರು ಮಾವೋಗೆ ಖಾಸಗಿಯಾಗಿ ಒಂದು ಪತ್ರ ಬರೆದು, ಲೆಕ್ಕಗಳು ಸುಳ್ಳೆಂದು, ಅವಸರ ಅತಿಯಾಯಿತೆಂದು ವಿನಯದಿಂದಲೇ ತಿಳಿಸಿದರು. ಮಾವೋ ಆ ಪತ್ರವನ್ನು ಅಚ್ಚು ಹಾಕಿಸಿ ಸಭೆಯಲ್ಲಿ ಹಂಚಿಸಿದರು. ಪೆಂಗ್ ಪದವಿ ಕಳೆದುಕೊಂಡರು. ಮುಂದೆ ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಿಂಸೆಗೊಳಗಾಗಿ 1974ರಲ್ಲಿ ಬಂಧನದಲ್ಲಿಯೇ ಸತ್ತರು. ಲುಶಾನ್ ಸಭೆಯ ನಂತರ ಬೇರೆ ಯಾರೂ ಪತ್ರ ಬರೆಯುವ ಧೈರ್ಯ ಮಾಡಲಿಲ್ಲ. ಕ್ಷಾಮ ಇನ್ನೂ ಎರಡು ವರ್ಷ ಮುಂದುವರಿಯಿತು.

ಇದನ್ನು ಓದುವಾಗಲೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ನಾಲ್ಕನೆಯದೋ ಐದನೆಯದೋ ವರ್ಷ. ಕೈಯಲ್ಲಿ ಬೆತ್ತವಿಲ್ಲದೆ ತರಗತಿಗೆ ಹೋಗುತ್ತಿರಲಿಲ್ಲ. ಒಂದು ದಿನ ಕಪ್ಪುಹಲಗೆಯ ಮೇಲೆ ಏನೋ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಪುಸ್ತಕದಲ್ಲಿ ಬೇರೆ ಐತೆ” ಎಂದ. ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಅವನಿಗೆ ಎರಡು ಏಟು ಹಾಕಿ, ಪಾಠ ಮುಗಿಯುವವರೆಗೆ ಹೊರಗೆ ಮೊಣಕಾಲೂರಿ ಕೂರಿಸಿದೆ. ಅವನು ಹೇಳಿದ್ದು ಸರಿಯಾಗಿತ್ತು.

ಅದೇ ವರ್ಷ ಮುಂದೊಂದು ದಿನ ಟಿಪ್ಪಣಿ ಬರೆಸುವಾಗ ನಾನ್‌ಕಿಂಗ್ ಒಪ್ಪಂದದ ಇಸವಿಯನ್ನು 1842 ಎನ್ನುವ ಬದಲು 1856 ಎಂದು ಹೇಳಿಬಿಟ್ಟೆ. ಯಾರೂ ತುಟಿ ಬಿಚ್ಚಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದಲು ಕುಳಿತಾಗ ನೋಡುತ್ತೇನೆ, ಇಡೀ ತರಗತಿ 1856 ಎಂದೇ ಬರೆದಿದೆ. ತರಗತಿಗೆ ಮೊದಲ ಸ್ಥಾನದಲ್ಲಿದ್ದ ಹುಡುಗಿಯನ್ನು ಕರೆದು, “ನೀನೂ ಪುಸ್ತಕ ನೋಡಲಿಲ್ಲವೇನಮ್ಮ?” ಎಂದೆ. ಅವಳು ತಲೆ ತಗ್ಗಿಸಿ, “ಗೊತ್ತಿತ್ತು ಸಾರ್. ಹೆದರಿಕೆ ಆಯ್ತು” ಎಂದಳು.

ಆ ತರಗತಿಯಲ್ಲಿ ಶಿಸ್ತಿತ್ತು. ಸೂಜಿ ಬಿದ್ದರೂ ಕೇಳುವಷ್ಟು ಮೌನವಿತ್ತು. ಮುಖ್ಯೋಪಾಧ್ಯಾಯರು ಆ ಮೌನವನ್ನು ಮೆಚ್ಚಿಕೊಂಡಿದ್ದರು. ಆದರೆ ಎಲ್ಲರಿಗೂ ಗೊತ್ತಿದ್ದ ತಪ್ಪು ನನಗೊಬ್ಬನಿಗೇ ಗೊತ್ತಾಗದಂತೆ ಮಾಡಿದ್ದೂ ಅದೇ ಮೌನ. ಒಂದು ಇಸವಿ ತಪ್ಪಾದರೆ ಒಂದು ಅಂಕ ಹೋದೀತು. ದೇಶದ ಲೆಕ್ಕ ತಪ್ಪಾದರೆ ಏನಾಗುತ್ತದೆಂಬುದಕ್ಕೆ ಚೀನಾದ ಆ ವರ್ಷಗಳೇ ಸಾಕ್ಷಿ. ಮೊಣಕಾಲೂರಿ ಕುಳಿತಿದ್ದ ಆ ಹುಡುಗ ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ಅವನ ಕ್ಷಮೆ ಕೇಳುತ್ತೇನೆ.

ಹೆದರಿಸಿ ಆಳಿದ ಶಿಕ್ಷಕನಿಗೂ ಕೊನೆಗೆ ರಕ್ಷಣೆಯಿಲ್ಲ ಎಂಬುದು ಚೀನಾದ ಇನ್ನೊಂದು ಪಾಠ. ಅಲ್ಲಿ ಹೆದರಿಸದ ಶಿಕ್ಷಕರಿಗೂ ರಕ್ಷಣೆ ಸಿಗಲಿಲ್ಲ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕರೆ ಬಂದಾಗ ಹದಿಹರೆಯದ ವಿದ್ಯಾರ್ಥಿಗಳು ಕೆಂಪು ಪಟ್ಟಿ ಕಟ್ಟಿಕೊಂಡು ಗುರುಗಳ ಮೇಲೆ ಬಿದ್ದರು. ಆ ಆಗಸ್ಟ್ 5ರಂದು ಬೀಜಿಂಗ್‌ನ ಹೆಣ್ಣುಮಕ್ಕಳ ಶಾಲೆಯೊಂದರ ಉಪಪ್ರಾಂಶುಪಾಲೆ ಬಿಯಾನ್ ಝೋಂಗ್‌ಯುನ್ ಅವರನ್ನು ಅವರ ವಿದ್ಯಾರ್ಥಿನಿಯರೇ ಹೊಡೆದು ಕೊಂದರು. ದೇಶದ ಅಧ್ಯಕ್ಷರಾಗಿದ್ದ ಲಿಯು ಷಾವೋಕಿ ಅವರೇ 1969ರಲ್ಲಿ ಬಂಧನದಲ್ಲಿ ಔಷಧೋಪಚಾರವಿಲ್ಲದೆ ಸತ್ತರೆಂದ ಮೇಲೆ ಶಾಲಾ ಶಿಕ್ಷಕಿಯ ಪಾಡೇನು?

ಹಾಗಾದರೆ ನನ್ನ ವಿದ್ಯಾರ್ಥಿ ನೋಡಿ ಬಂದ ಆ ಸಂಪತ್ತು ಎಲ್ಲಿಂದ ಬಂತು? ಮಾವೋ ತೀರಿಕೊಂಡ ಮೇಲೆ, ನಾಯಕನ ಹಿಡಿತ ಸಡಿಲಿದ ಮೇಲೆ ಬಂತು. 1978ರಲ್ಲಿ ಅನ್‌ಹುಯಿ ಪ್ರಾಂತದ ಷಿಯಾವೋಗಾಂಗ್ ಎಂಬ ಕುಗ್ರಾಮದ 18 ಮಂದಿ ರೈತರು ರಾತ್ರಿ ಗುಟ್ಟಾಗಿ ಸೇರಿ, ಕಮ್ಯೂನಿನ ಜಮೀನನ್ನು ಮನೆಮನೆಗೆ ಹಂಚಿಕೊಳ್ಳುವ ಕರಾರಿಗೆ ಹೆಬ್ಬೆಟ್ಟು ಒತ್ತಿದರು. ನಮ್ಮಲ್ಲಿ ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು ಉಳಿದವರು ಸಾಕಬೇಕೆಂದೂ ಒಪ್ಪಿಕೊಂಡಿದ್ದರು. ಮರುವರ್ಷ ಬೆಳೆ ಹಲವು ಪಟ್ಟು ಹೆಚ್ಚಿತು. ಡೆಂಗ್ ಷಿಯಾವೋಪಿಂಗ್ ಅವರ ಹಿರಿಮೆ ಇರುವುದು, ಆ ರೈತರನ್ನು ಜೈಲಿಗೆ ಹಾಕದೆ ಅವರ ದಾರಿಯನ್ನೇ ದೇಶಕ್ಕೆ ಹರಡಲು ಬಿಟ್ಟುದರಲ್ಲಿ. ಡೆಂಗ್ ಅಧ್ಯಕ್ಷರೂ ಆಗಲಿಲ್ಲ, ಪ್ರಧಾನಿಯೂ ಆಗಲಿಲ್ಲ. ಅಧಿಕಾರ ಒಬ್ಬನ ಕೈಯಲ್ಲಿ ಕೂಡಿಕೊಳ್ಳುವುದು, ಸಾಯುವವರೆಗೆ ಪದವಿ ಬಿಡದಿರುವುದು, ಇವೆರಡೂ ಪಕ್ಷಕ್ಕೆ ಅಂಟಿದ ರೋಗವೆಂದು ಅವರು 1980ರ ಭಾಷಣದಲ್ಲಿ ಎಚ್ಚರಿಸಿದರು. 1982ರ ಸಂವಿಧಾನದಲ್ಲಿ ಅಧ್ಯಕ್ಷರಿಗೆ ಎರಡೇ ಅವಧಿ ಎಂಬ ಮಿತಿ ಬಂತು. ಅದೇ ಡೆಂಗ್ 1989ರಲ್ಲಿ ತಿಯಾನಾನ್‌ಮೆನ್ ಚೌಕದ ವಿದ್ಯಾರ್ಥಿಗಳ ಮೇಲೆ ಸೈನ್ಯ ಕಳಿಸಿದರೆಂಬುದನ್ನೂ ಮರೆಯಬಾರದು. 2018ರಲ್ಲಿ ಷಿ ಜಿನ್‌ಪಿಂಗ್ ಅವರ ಕಾಲದಲ್ಲಿ ಎರಡು ಅವಧಿಯ ಮಿತಿಯನ್ನು ತೆಗೆದುಹಾಕಲಾಯಿತು. ಪರವಾಗಿ 2,958 ಮತ, ವಿರುದ್ಧವಾಗಿ 2. ಆ ಎರಡನ್ನು ಹಾಕಿದವರು ಯಾರೋ, ನನಗೆ ಅವರ ಮೇಲೆಯೇ ಗೌರವ.

ಚೀನಾ ಇಲ್ಲಿಗೆ ಸಾಕು. ನಾಯಕತ್ವದ ಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಹಿಂದಿನ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ಕಡಿದಾಳು ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ ಎಂಬ ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ನಾಲ್ವರದು ನಾಲ್ಕು ರೀತಿ. ಅವರಲ್ಲಿ ಪಟೇಲರು ನಮ್ಮ ತಾಲ್ಲೂಕಿನವರೇ, ಕಾರಿಗನೂರಿನವರು. ಹುಟ್ಟಿದ್ದು 1930ರ ಅಕ್ಟೋಬರ್ 1ರಂದು. ಚೀನಾ ತನ್ನ ರಾಷ್ಟ್ರೀಯ ದಿನ ಆಚರಿಸುವ ತಾರೀಖೇ ಅವರ ಹುಟ್ಟುಹಬ್ಬ. ಆ ಹೋಲಿಕೆ ತಾರೀಖಿಗೇ ಮುಗಿಯುತ್ತದೆ.

1967ರಲ್ಲಿ ಅವರು ಸಂಯುಕ್ತ ಸಮಾಜವಾದಿ ಪಕ್ಷದಿಂದ ಶಿವಮೊಗ್ಗದ ಸಂಸದರಾಗಿ, ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ನಾನಾಗ ಮೂರನೆಯ ತರಗತಿ. ಉಬ್ರಾಣಿಯಲ್ಲಿ ನಮ್ಮ ತಂದೆಯವರು ಸಂಜೆ ಅಂಗಡಿ ಜಗಲಿಯ ಮೇಲೆ ಕುಳಿತು ಪೇಪರ್ ಓದಿಸಿಕೊಳ್ಳುತ್ತಿದ್ದರು. ಅವರಿಗೆ ಓದು ಬಾರದು. ಆ ಸುದ್ದಿಯನ್ನು ಮೂರು ಸಲ ಓದಿಸಿಕೊಂಡರಂತೆ. ಮನೆಗೆ ಬಂದು ತಾಯಿಗೆ, “ನಾನು ಹೋದ್ರೂ ಅಲ್ಲಿ ಮಾತಾಡಬಹುದು ಕಣೇ ಇನ್ಮೇಲೆ” ಎಂದು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ತನ್ನ ಜನರಿಗೆ ಬಾಯಿ ಕೊಡುವ ನಾಯಕತ್ವವೂ ಒಂದಿದೆ ಎಂದು ನಾನು ಮೊದಲು ಕಲಿತದ್ದು ಆ ಮಾತಿನಿಂದ.

ತುರ್ತು ಪರಿಸ್ಥಿತಿಯಲ್ಲಿ ಪಟೇಲರು ಸೆರೆಮನೆ ಕಂಡರು. ಮುಂದೆ ಶಾಸಕರಾಗಿ, ಮಂತ್ರಿಯಾಗಿ, ಉಪಮುಖ್ಯಮಂತ್ರಿಯಾಗಿ, 1996ರ ಮೇ 31ರಿಂದ 1999ರ ಅಕ್ಟೋಬರ್‌ವರೆಗೆ ಮುಖ್ಯಮಂತ್ರಿಯಾಗಿ ಇದ್ದರು. ಅವರ ಭಾಷಣಗಳನ್ನು ನಾನು ಎರಡು ಮೂರು ಬಾರಿ ಕೇಳಿದ್ದೇನೆ. ದನಿ ಏರಿಸುತ್ತಿರಲಿಲ್ಲ. ಎದುರಾಳಿಯನ್ನು ನಗಿಸಿ ಗೆಲ್ಲುತ್ತಿದ್ದರು; ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು. ತಮ್ಮ ದೌರ್ಬಲ್ಯಗಳನ್ನು ಮುಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ. ಅದರಿಂದ ಮಡಿವಂತರಿಗೆ ಕಸಿವಿಸಿಯಾಗುತ್ತಿತ್ತು. ಆ ಮಡಿವಂತರಲ್ಲಿ ನಾನೂ ಒಬ್ಬ.

ನಗುತ್ತಲೇ ಮಾಡಿದ ಕೆಲಸ ಕಡಿಮೆಯೇನಲ್ಲ. 1997ರಲ್ಲಿ ಏಳು ಹೊಸ ಜಿಲ್ಲೆಗಳಾದವು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ. ಇಪ್ಪತ್ತಿದ್ದ ಜಿಲ್ಲೆಗಳು ಇಪ್ಪತ್ತೇಳಾದವು. ನಮ್ಮ ವಿಳಾಸದಲ್ಲಿ ಶಿವಮೊಗ್ಗ ಹೋಗಿ ದಾವಣಗೆರೆ ಬಂತು. ಜಿಲ್ಲೆ ಒಡೆಯುವುದೆಂದರೆ ಜಗಳದ ಬಾಬತ್ತು. ಯಾವ ಊರು ಕೇಂದ್ರ, ಯಾವ ತಾಲ್ಲೂಕು ಯಾರಿಗೆ ಎಂದು ಬೀದಿಗಿಳಿದವರಿದ್ದರು. ಅವರ ಮಾತು ಕೇಳಿಕೊಂಡೇ ಆ ಕೆಲಸ ಮುಗಿಯಿತು. ಅದೇ ವರ್ಷ ರಾಜ್ಯದ ಮಾಹಿತಿ ತಂತ್ರಜ್ಞಾನ ನೀತಿ ಬಂತು. ನನಗೆ ದೂರವಾಣಿ ಮಾಡಿದ ಹುಡುಗನ ಅನ್ನದ ದಾರಿ ಅದು.

ಅವರ ರೀತಿಯ ಕೊರತೆಯನ್ನೂ ಹೇಳಬೇಕು. ಪಕ್ಷ ಒಳಜಗಳದಿಂದ ಹರಿದುಹೋಗುತ್ತಿತ್ತು. ಹೆಗಡೆಯವರ ಉಚ್ಚಾಟನೆ, ಗೌಡರ ಬಣ, ಪಟೇಲರ ಬಣ ಎಂದು ದಿನವೂ ಪತ್ರಿಕೆಯಲ್ಲಿ ಅದೇ ಸುದ್ದಿ. ಬಿಗಿಯಾಗಿ ಹಿಡಿಯಬೇಕಾದಲ್ಲಿಯೂ ಅವರು ನಕ್ಕು ಸುಮ್ಮನಾಗುತ್ತಾರೆಂಬ ದೂರು ರಾಜ್ಯದಲ್ಲೆಲ್ಲ ಇತ್ತು. ಕೊನೆಗೆ 1999ರಲ್ಲಿ ಜನತಾದಳ ಒಡೆಯಿತು. ವಿಧಾನಸಭೆಯೂ ಅವಧಿಗೆ ಮೊದಲೇ ವಿಸರ್ಜನೆಯಾಯಿತು.

ಆ ಚುನಾವಣೆಯಲ್ಲಿ ನನಗೆ ಮತಗಟ್ಟೆಯ ಕೆಲಸ ಬಿದ್ದಿತ್ತು. ಅಂಚೆ ಮತಪತ್ರ ಬಂತು. ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ಕುಳಿತಿದ್ದೆ. ನಮ್ಮ ತಂದೆಯವರು ಆಗ ಇರಲಿಲ್ಲ. ಇದ್ದಿದ್ದರೆ ಏನೆನ್ನುತ್ತಿದ್ದರೋ. ನಾನು ಪಟೇಲರಿಗೆ ಮತ ಹಾಕಲಿಲ್ಲ. ಮುಖ್ಯಮಂತ್ರಿಯಾದವನು ಗಂಭೀರವಾಗಿರಬೇಕು, ಶಿಸ್ತು ತರಬೇಕು, ನಾಲ್ಕು ಜನ ಹೆದರುವಂತಿರಬೇಕು ಎಂಬ ಭಾವನೆ ನನ್ನದು. ಬೆತ್ತ ಹಿಡಿದ ಮೇಷ್ಟ್ರ ಭಾವನೆ. ಚನ್ನಗಿರಿಯ ಮತದಾರರು ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯನ್ನು ಅವರ ತವರಿನಲ್ಲಿಯೇ ಸೋಲಿಸಿದರು.

ಆಮೇಲೆ ಏನಾಯಿತೆಂಬುದನ್ನು ನೋಡಿ. ಏನೂ ಆಗಲಿಲ್ಲ. ಮತ ಹಾಕದವರ ಮನೆಗೆ ಪೊಲೀಸರು ಬರಲಿಲ್ಲ. ಯಾವ ಮೇಷ್ಟ್ರಿಗೂ ವರ್ಗಾವಣೆಯಾಯಿತೆಂದು ನಾನು ಕೇಳಲಿಲ್ಲ. ಅವರು ಅಧಿಕಾರ ಬಿಟ್ಟು ಹೊರಟರು, ಎಸ್.ಎಂ. ಕೃಷ್ಣ ಬಂದರು. ಮರುವರ್ಷ, 2000ದ ಡಿಸೆಂಬರ್ 12ರಂದು ಪಟೇಲರು ತೀರಿಕೊಂಡಾಗ, ಅವರಿಗೆ ಮತ ಹಾಕದ ಎಷ್ಟೋ ಜನ ನಮ್ಮ ಊರಿನಲ್ಲಿ ಕಣ್ಣೀರು ಹಾಕಿದರು. ನನಗೂ ಗಂಟಲು ಕಟ್ಟಿತು. ಸೋತು ಮನೆಗೆ ಹೋಗಬಲ್ಲವರನ್ನು ನಾಯಕರಾಗಿ ಪಡೆಯುವುದು ಎಂಥ ಭಾಗ್ಯವೆಂದು ನನಗೆ ಹೊಳೆದದ್ದು ಅಂದು. ಆಮೇಲೆ ನಾನು ಬೆತ್ತವನ್ನು ಶಾಲೆಯ ಬೀರುವಿನಲ್ಲಿಟ್ಟೆ. ಮತ್ತೆ ತೆಗೆಯಲಿಲ್ಲ.

“ಹಾಗಾದರೆ ಗಟ್ಟಿ ನಾಯಕರೇ ಬೇಡವೇ?” ಎಂದು ನೀನು ಕೇಳುತ್ತೀಯೆ. ಬೇಕು. ದೇವರಾಜ ಅರಸರು ಗಟ್ಟಿ ನಾಯಕರೇ. 1974ರ ಭೂಸುಧಾರಣೆಯನ್ನು ಮೆದು ಮನುಷ್ಯ ಮಾಡಲಾರ. ಆದರೆ ಅರಸರು ಅದನ್ನು ರಾತ್ರೋರಾತ್ರಿ ಆಜ್ಞೆಯಿಂದ ಮಾಡಲಿಲ್ಲ. ಸದನದಲ್ಲಿ ಕಾನೂನು ತಂದರು, ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿ ಕೂರಿಸಿದರು. ಒಡೆಯನೂ ಗೇಣಿದಾರನೂ ಅಲ್ಲಿ ಎದುರುಬದುರು ನಿಂತು ಮಾತಾಡಿದರು. ಚೀನಾದಲ್ಲಿ ಭೂಮಾಲೀಕರ ಮೇಲೆ ನಡೆದ ಬಹಿರಂಗ ಹಿಂಸೆ, ಕೊಲೆಗಳ ಪಕ್ಕದಲ್ಲಿ ಇದನ್ನಿಟ್ಟು ನೋಡು. ಅದೇ ಅರಸರ ಸರ್ಕಾರವಿದ್ದಾಗಲೇ ತುರ್ತು ಪರಿಸ್ಥಿತಿಯಲ್ಲಿ ವಿರೋಧಿಗಳು ಸೆರೆಮನೆಯಲ್ಲಿದ್ದರು ಎಂಬುದೂ ನಿಜ. ಗಟ್ಟಿತನ ಎಲ್ಲಿ ಎಲ್ಲೆ ದಾಟುತ್ತದೆಂದು ಕಾಯುತ್ತಿರಬೇಕಾದವರು ನಾವು.

ರಾಮಕೃಷ್ಣ ಹೆಗಡೆಯವರನ್ನು ನೋಡು. 1984ರ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 28ರಲ್ಲಿ ಬಂದದ್ದು 4 ಸ್ಥಾನ. ವಿಧಾನಸಭೆಯ ಅವಧಿ ಇನ್ನೂ ಇತ್ತು. ಆದರೂ ಜನರ ವಿಶ್ವಾಸ ಹೋಯಿತೆಂದು ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು. 1985ರಲ್ಲಿ ಜನ 139 ಸ್ಥಾನ ಕೊಟ್ಟು ಕಳಿಸಿದರು. ನಜೀರ್ ಸಾಬರೊಡನೆ ಸೇರಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ತಮ್ಮ ಕೈಯ ಅಧಿಕಾರವನ್ನೇ ಹಂಚಿದವರೂ ಅವರೇ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ಪದವಿ ಬಿಟ್ಟವರೂ ಅವರೇ. ಕದ್ದು ಕೇಳಿದ್ದು ಹೊರಬಿದ್ದರೆ ಮುಖ್ಯಮಂತ್ರಿ ಮನೆಗೆ ಹೋಗಬೇಕಾದ ನಾಡು ನಮ್ಮದು ಎಂಬುದನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ.

ನಿಧಾನ ನಮ್ಮ ರೋಗ, ಒಪ್ಪುತ್ತೇನೆ. ಕಡತಗಳು ವರ್ಷಗಟ್ಟಲೆ ಮಲಗುತ್ತವೆ. ಹಸಿವು, ಅಪೌಷ್ಟಿಕತೆಯನ್ನು ನಮ್ಮ ಪ್ರಜಾಪ್ರಭುತ್ವ ಬಹುಕಾಲ ನೋಡಿಯೂ ನೋಡದಂತೆ ಇದ್ದುಬಿಟ್ಟಿತು. ಅಮರ್ತ್ಯ ಸೇನ್ ಇದನ್ನು ನಿಷ್ಠುರವಾಗಿಯೇ ಹೇಳಿದ್ದಾರೆ. ಆದರೆ ಸ್ವತಂತ್ರ ಪತ್ರಿಕೆ, ವಿರೋಧ ಪಕ್ಷ, ಚುನಾವಣೆಗಳಿರುವ ದೇಶದಲ್ಲಿ ಲಕ್ಷಾಂತರ ಜನ ಸಾಯುವಂಥ ಮಹಾಕ್ಷಾಮ ನಡೆದಿಲ್ಲವೆಂದು ತೋರಿಸಿಕೊಟ್ಟವರೂ ಅವರೇ. ಅಲ್ಲಿ ಹೇಳುವವರಿದ್ದರೂ ಕೇಳಿಸಲಿಲ್ಲ. ಇಲ್ಲಿ ಹೇಳುವವರ ಗಲಾಟೆಯಿಂದ ಕಿವಿ ನೋಯುತ್ತದೆ. ಎರಡರಲ್ಲಿ ಒಂದನ್ನು ಆರಿಸೆಂದರೆ ನಾನು ಕಿವಿನೋವನ್ನೇ ಆರಿಸುತ್ತೇನೆ.

ನಮ್ಮ ತಾಲ್ಲೂಕಿನ ಸೂಳೆಕೆರೆಯನ್ನು ನೀವೆಲ್ಲ ಪ್ರವಾಸದಲ್ಲಿ ನೋಡಿದ್ದೀರಿ. ಏರಿ ಎಷ್ಟು ಗಟ್ಟಿ ಎಂದು ಬೆರಗಾಗಿದ್ದೀರಿ. ಕೆರೆ ಕಟ್ಟಿದ ಹಿರಿಯರಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಏರಿ ಎಷ್ಟೇ ಗಟ್ಟಿಯಾಗಿರಲಿ, ಕೋಡಿ ಇಲ್ಲದ ಕೆರೆ ಒಂದು ಮಳೆಗಾಲಕ್ಕೆ ಒಡೆಯುತ್ತದೆ. ಒಡೆದಾಗ ಕೆಳಗಿನ ಊರನ್ನೇ ಕೊಚ್ಚಿಕೊಂಡು ಹೋಗುತ್ತದೆ. ಎದುರು ಮಾತು, ಚುನಾವಣೆ, ಅವಧಿಯ ಮಿತಿ ಇವು ರಾಜ್ಯದ ಕೋಡಿಗಳು. ನೀರು ಪೋಲಾಗುತ್ತದೆಂದು ಅವನ್ನು ಮುಚ್ಚಬಾರದು.

ಆದ್ದರಿಂದ, ಮಗೂ, ಮುಂದೆ ಯಾವ ನಾಯಕನನ್ನಾದರೂ ಮೆಚ್ಚುವ ಮೊದಲು ಎರಡು ಪ್ರಶ್ನೆ ಕೇಳಿಕೋ. ಅವನಿಗೆ ‘ಇಲ್ಲ’ ಎಂದವನು ಮರುದಿನ ಎಲ್ಲಿದ್ದಾನೆ? ಜನ ‘ಸಾಕು’ ಎಂದರೆ ಅವನು ಮನೆಗೆ ಹೋಗುತ್ತಾನೆಯೇ? ಇವೆರಡಕ್ಕೆ ಉತ್ತರ ಸರಿಯಿದ್ದರೆ, ಅವನು ನಗಲಿ, ಗಂಭೀರವಾಗಿರಲಿ, ಚಿಂತೆಯಿಲ್ಲ.

ಇದರಲ್ಲಿ ನಿನಗೆ ಒಪ್ಪಿಗೆಯಾಗದ್ದು ಇದ್ದರೆ, ಇಸವಿಯೊಂದು ತಪ್ಪಿದ್ದರೂ ಸರಿ, ತಪ್ಪದೆ ಬರೆ. ಈ ಬಾರಿ ಯಾರನ್ನೂ ಹೊರಗೆ ಕೂರಿಸುವುದಿಲ್ಲ.